ಬೆಲ್ಲದ ಕಪ್ಪು

ಅಕ್ಕನ ಬಲಗೈ ಹೆಬ್ಬೆರಳು ಕಪ್ಪಗಿತ್ತು. ಉಗುರು, ಉಗುರಿನ ಸುತ್ತಲ ಚರ್ಮ, ಗಿಣ್ಣಿನ ತನಕ ಕಾಡಿಗೆ ಬಳಿದಂತೆ ಕಪ್ಪು. ಉಳಿದ ಬೆರಳುಗಳೆಲ್ಲ ಎಲ್ಲರ ಹಾಗೆಯೇ ಇದ್ದವು. ಹುಣಸೆಹಣ್ಣು ಹಾಕಿ ಉಜ್ಜಿದರೆ ಒಂದಿಷ್ಟು ಮಾಸುತ್ತಿತ್ತು. ಮಾರನೆಯ ದಿನ ಕೆಲಸಕ್ಕೆ ಕೂತರೆ ಮತ್ತೆ ಅಷ್ಟೇ. ಮದುವೆ ಊಟದಲ್ಲಿ ಎದುರು ಸಾಲಿನವರು ಆ ಬೆರಳನ್ನೇ ನೋಡುತ್ತಿದ್ದಾರೆಂದು ಗೊತ್ತಾದರೆ ಬೇಕೆಂದೇ ಅದನ್ನು ಪಾಯಸದಲ್ಲಿ ಅದ್ದಿ ಚೀಪುತ್ತಿದ್ದಳು. "ನನ್ ಬೆಳ್ಳು, ನನ್ ಬಾಯಿ. ನಿಮಗೇನ್ ಕಷ್ಟ?" ಎಂದು ಗಟ್ಟಿಯಾಗಿ ಬೇರೆ ಕೇಳುತ್ತಿದ್ದಳು. ಪಕ್ಕದಲ್ಲಿ ಕೂತ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಅವಳು ನನ್ನ ಒಡಹುಟ್ಟಿದವಳಲ್ಲ, ನೆಂಟಳೂ ಅಲ್ಲ. ಹಳೆಯ ತೊಗಲಿನ ಕೈಚೀಲಗಳನ್ನು ಗುಜರಿಯಿಂದ ಆರಿಸಿ ತಂದು, ಹೊಲಿದು, ಬಣ್ಣ ಕೊಟ್ಟು ಮಾರುವುದು ಅವಳ ಕಸುಬು. ನಮ್ಮ ಮೊದಲ ಭೇಟಿಯೇ ಜಗಳ. ಹೊಸೂರಿನ ಅಂಚಿನ ಜೂಜುವಾಡಿಯಲ್ಲಿ ಲಾರಿಗಳು ನಿಲ್ಲುವ ಸಾಲಿನ ಹಿಂದೆ ಒಂದು ಗುಜರಿ ಅಂಗಡಿಯಿದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಬಿಸಾಡಿದ್ದೆಲ್ಲ ರಾಜ್ಯದ ಗಡಿ ದಾಟಿ ಅಲ್ಲಿಗೆ ಬಂದು ಬೀಳುತ್ತದೆ. ಒಂದು ಭಾನುವಾರ ಆ ರಾಶಿಯಲ್ಲಿ ನಾನೊಂದು ಕಂದು ಬ್ಯಾಗಿನ ಹಿಡಿಕೆ ಹಿಡಿದೆ. ಇನ್ನೊಂದು ಹಿಡಿಕೆ ಅವಳ ಕೈಯಲ್ಲಿತ್ತು. ನಾನು ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಇನ್‌ಸ್ಪೆಕ್ಷನ್ ಕೆಲಸದವಳು. ದಿನವಿಡೀ ಪಾರ್ಟುಗಳಲ್ಲಿ ಕೊಂಕು ಹುಡುಕುವುದೇ ನನ್ನ ಅನ್ನ. ಸುಲಭಕ್ಕೆ ಬಿಡುವವಳಲ್ಲ. ಅವಳು ನನಗಿಂತ ಒಂದು ಕೈ ಮೇಲು. ಕಪ್ಪು ಬೆರಳಿಗೆ ಉಗುಳು ಸವರಿ ಬ್ಯಾಗಿನ ತಳಕ್ಕೆ ಒತ್ತಿದಳು, ಕಾದು ನೋಡಿದಳು, ಆಮೇಲೆ ಬ್ಯಾಗನ್ನು ನನ್ನ ಮೇಲೇ ಎಸೆದಳು.

"ತಗಾ ತಾಯಿ, ನೀನೇ ಮಡಿಕ್ಕೊ. ತೊಗ್ಲಾದ್ರೆ ನೀರು ಕುಡೀತದೆ. ಇದು ರೆಕ್ಸಿನ್ನು."

ಗುಜರಿಯವನು ಕಿಸಕ್ಕನೆ ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ ಮುಂದಿನ ಭಾನುವಾರ ನಾನೂ ಯಾರಿಗೂ ಕಾಣದ ಹಾಗೆ ಬೆರಳಿಗೆ ಉಗುಳು ಸವರಿ ಒತ್ತಿ ನೋಡುತ್ತಿದ್ದೆ. ಹಿಂದಿನಿಂದ "ಪರ್ವಾಗಿಲ್ವೇ, ಇಸ್ಕೂಲಿಗೆ ಸೇರ್ಬುಟ್ಯಾ!" ಎಂಬ ದನಿ ಕೇಳಿತು. ಅಲ್ಲಿಂದ ನಮ್ಮ ಗೆಳೆತನ.

ಅಕ್ಕ ಸಾಧುಪ್ರಾಣಿಯೇನಲ್ಲ. ಬಾಯಿ ಬಿಟ್ಟರೆ ಬಡಾಯಿ, ಅದಕ್ಕೆ ಮೇಲೊಂದಿಷ್ಟು ಸುಳ್ಳು. ರಾಶಿಯಲ್ಲಿ ಸಿಕ್ಕ ಬ್ಯಾಗಿಗೆಲ್ಲ ಒಂದೊಂದು ಕಥೆ ಕಟ್ಟುತ್ತಿದ್ದಳು. ಇದು ಕೊಯಮತ್ತೂರಿನ ಮಿಲ್ ಓನರ್ ಮಗಳದ್ದು, ಇದು ಜಡ್ಜಮ್ಮನದ್ದು, ಇದನ್ನು ಹಿಡಿದುಕೊಂಡೇ ಒಬ್ಬಳು ಸಿನಿಮಾದಲ್ಲಿ ಅತ್ತಿದ್ದಳು. ಗಿರಾಕಿಗಳು ಕಣ್ಣರಳಿಸಿ ಕೇಳುತ್ತಿದ್ದರು. ಗಿರಾಕಿಯ ಹತ್ತಿರ ತಮಿಳು, ಮನೆಯವರ ಹತ್ತಿರ ಕನ್ನಡ, ಬೆರಳಿಗೆ ಸೂಜಿ ಚುಚ್ಚಿಕೊಂಡರೆ ತೆಲುಗು. "ಇಷ್ಟೊಂದು ಸುಳ್ಳು ಹೇಳ್ತೀಯಲ್ಲಕ್ಕ, ನಾಲಿಗೆ ಬಿದ್ದು ಹೋಗಲ್ವಾ?" ಅಂದರೆ, "ಸುಳ್ಳು ಸುಮ್ನೆ ಹೋಗಲ್ಲ ಕಣಮ್ಮಿ, ಒಂದಿನ ಕೆಲ್ಸಕ್ಕೆ ಬತ್ತದೆ" ಅನ್ನುತ್ತಿದ್ದಳು. ಒಂದು ವಿಷಯದಲ್ಲಿ ಮಾತ್ರ ಅವಳದು ಕಟ್ಟುನಿಟ್ಟು. ರಿಪೇರಿಯಾದ ಬ್ಯಾಗನ್ನು ಖಾಲಿ ಕೊಡುತ್ತಿರಲಿಲ್ಲ. ಪಕ್ಕದ ಮನೆಯ ಪಾತ್ರೆಯನ್ನು ಯಾರಾದರೂ ಬರಿದಾಗಿ ಹಿಂದಿರುಗಿಸುತ್ತಾರೆಯೇ? ಹಾಗೆ. ಒಳಗೊಂದು ಅರಿಶಿನದ ಕೊಂಬು ಹಾಕಿಯೇ ಕೊಡುತ್ತಿದ್ದಳು.

ಸಾನಮಾವು ಕಾಡಿನ ಅಂಚಿನಲ್ಲಿ ಅವಳ ಗಂಡನ ಊರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮೈದುನನ ರಾಗಿ ಹೊಲದ ಪಕ್ಕ ಅವಳದೊಂದು ಕೋಣೆ, ಕೋಣೆಗೆ ಒತ್ತಿಕೊಂಡು ತಗಡಿನ ಶೆಡ್ಡು. ಮದುವೆಗೆ ಮುಂಚೆ ಚಪ್ಪಲಿ ಫ್ಯಾಕ್ಟರಿಯಲ್ಲಿ ದುಡಿದು ಹೊಲಿಗೆ ಕಲಿತವಳು. ಬಣ್ಣದ ಕೆಲಸವನ್ನು ದೆಂಕಣಿಕೋಟೆ ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಮುದುಕರಿಂದ ಕಲಿತಿದ್ದಳು. ಒಕ್ಕಲುತನದ ಮನೆಯ ಸೊಸೆ ತೊಗಲು ಮುಟ್ಟುತ್ತಾಳೆಂದು ಊರು ಮೊದಲಿನಿಂದಲೂ ಮೂಗು ಮುರಿಯುತ್ತಿತ್ತು. ಅವಳು ಆ ಮೂಗುಗಳನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಅವಳ ಕಪ್ಪು ಬಣ್ಣ ಅಂಗಡಿಯದ್ದಲ್ಲ. ಮಣ್ಣಿನ ಗಡಿಗೆಯಲ್ಲಿ ಬೆಲ್ಲದ ನೀರು, ಅದಕ್ಕೆ ತುಕ್ಕು ಹಿಡಿದ ಮೊಳೆ, ಎತ್ತಿನ ಲಾಳ, ಮುರಿದ ಕುಡುಗೋಲಿನ ಚೂರು. ಬಾಯಿ ಕಟ್ಟಿ ಇಟ್ಟರೆ ಎರಡು ಮೂರು ವಾರದಲ್ಲಿ ಅದು ಹುಳಿಯುತ್ತದೆ. ಹಳೆಯ ಕಾಲದ ತೊಗಲಿಗೆ ಮೊದಲು ಅಳಲೆಕಾಯಿಯ ಕಷಾಯ ಉಣಿಸಿ, ಒಣಗಿದ ಮೇಲೆ ಈ ನೀರು ಸವರಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಪೇಂಟಿನ ಹಾಗೆ ಮೇಲೆ ಕೂರುವುದಿಲ್ಲ, ವಾಸನೆಯೂ ಉಳಿಯುವುದಿಲ್ಲ. ಆದರೆ ಹುಳಿಯುವಾಗ ಮಾತ್ರ ಹೆಂಡದ ವಾಸನೆ ಊರಿಗೆಲ್ಲ ಗೊತ್ತಾಗುತ್ತದೆ. ಊರಿಗೆ ಗೊತ್ತಾದರೆ ಅಡ್ಡಿಯಿಲ್ಲ, ಕಾಡಿಗೆ ಗೊತ್ತಾಗಬಾರದು.

ರಾಗಿ ತೆನೆ ಕಟ್ಟುವ ಹೊತ್ತಿಗೆ ಸಾನಮಾವಿಗೆ ಆನೆಗಳು ಬಂದು ಸೇರಿಕೊಳ್ಳುತ್ತವೆ. ಆ ದಿನಗಳಲ್ಲಿ ಊರವರು ಆನೆ ಎಂಬ ಮಾತನ್ನೇ ಆಡುವುದಿಲ್ಲ, "ದೊಡ್ಡೋರು" ಅನ್ನುತ್ತಾರೆ. ಬೆಲ್ಲದ ಡಬ್ಬಿಗೂ ಬಟ್ಟೆ ಸುತ್ತಿ ಒಳಗಿಡುತ್ತಾರೆ. ಹಲಸಿನ ಸಿಪ್ಪೆಯನ್ನು ಹೂಳುತ್ತಾರೆ. ಅಕ್ಕನೂ ಪ್ರತಿವರ್ಷ ತೆನೆ ಬಲಿಯುವ ಮುಂಚೆ ಗಡಿಗೆಯನ್ನು ಗುಂಡಿಗೆ ಬಗ್ಗಿಸಿ, ಸಂಕ್ರಾಂತಿ ಕಳೆದ ಮೇಲೆಯೇ ಹೊಸದು ಹೂಡುತ್ತಿದ್ದಳು. ಮೈದುನ ಒಳ್ಳೆಯವನೇ, ಆದರೆ ಮಾತು ಕಡ್ಡಿ ಮುರಿದಂತೆ.

"ಅತ್ಗೆ, ನಿನ್ ಗಡ್ಗೆ ವಾಸ್ನೆಗೆ ದೊಡ್ಡೋರು ಬಂದ್ರೆ ಈ ಶೆಡ್ಡು ಇರಾಕಿಲ್ಲ. ಊರೋರು ಬಾಯ್ ಬುಡಾಕ್ ಮುಂಚೆ ನಾನೇ ಕಿತ್ತಾಕ್ತೀನಿ."

"ಕಿತ್ತಾಕ್ಲಾ, ನೋಡಾನ. ನಿನ್ ಮದ್ವೇಲಿ ನಿನ್ ಹೆಂಡ್ತಿ ಹಿಡ್ಕಂಡಿದ್ ಬ್ಯಾಗು ನಾನ್ ಕೊಟ್ಟಿದ್ದು ಕಣ್ಲಾ."

ಇಂಥ ಊರಿನಲ್ಲಿ, ರಾಗಿ ಕೊಯ್ಲಿನ ನಡುವೆ, ಅವಳು ಗಡಿಗೆ ಹೂಡಿದ್ದು ನನ್ನ ಅಮ್ಮನಿಗಾಗಿ.

ನನ್ನ ಅಮ್ಮ ಮಾಲೂರು ಕಡೆಯ ಹಳ್ಳಿಗಳಲ್ಲಿ ನರ್ಸಾಗಿದ್ದವಳು. ರಿಟೈರ್ ಆಗಿ, ಅಪ್ಪ ಹೋದ ಮೇಲೆ, ನಮ್ಮ ಜೊತೆ ಜೂಜುವಾಡಿಯ ಬಾಡಿಗೆ ಮನೆಗೆ ಬಂದಳು. ಬಂದ ಮೇಲೆ ಒಂದೊಂದಾಗಿ ಮರೆಯತೊಡಗಿದಳು. ಮೊದಲು ಒಲೆ, ಆಮೇಲೆ ವಾರ, ಆಮೇಲೆ ನನ್ನ ಹೆಸರು. ಕೆಲಸ ಮಾತ್ರ ಮರೆಯಲಿಲ್ಲ. ಸಂಜೆಯಾಯಿತೆಂದರೆ ಎದ್ದು ನಿಲ್ಲುತ್ತಿದ್ದಳು.

"ನನ್ ಬ್ಯಾಗೆಲ್ಲಿ? ಅಲ್ಲಿ ಹೆರಿಗೆ ಕೇಸು ಕಾಯ್ತಾ ಐತೆ. ಬ್ಯಾಗ್ ಕೊಡ್ರೋ!"

ಅಮ್ಮನ ನೌಕರಿಯ ಕಾಲದಲ್ಲಿ ಒಂದು ಪದ್ಧತಿಯಿತ್ತು. ಬ್ಯಾಗು ಜೋಡಿಸಿಕೊಂಡು ಮೆಟ್ಟಿಲ ಮೇಲೆ ಕೂತರೆ ಕೇಸಿನ ಮನೆಯವರೇ ಗಾಡಿ ತರುತ್ತಿದ್ದರು. ಬ್ಯಾಗು ಇಲ್ಲದಿದ್ದರೆ ಅದನ್ನು ತರಲು ಅವಳೇ ಆಸ್ಪತ್ರೆಗೆ ಓಡಬೇಕಿತ್ತು. ಈಗಲೂ ಓಡುತ್ತಿದ್ದಳು, ನಮ್ಮ ಬೀದಿಯ ತುದಿಯ ಹೆದ್ದಾರಿಗೆ. ನಾವು ಬೀಗ ಹಾಕಿದರೆ ಕಿಟಕಿಯ ಸರಳು ಹಿಡಿದು ಎದೆಯೊಡೆಯುವ ಹಾಗೆ ಅಳುತ್ತಿದ್ದಳು, ತೆರೆದರೆ ಹೋಗಿಬಿಡುತ್ತಿದ್ದಳು. ಒಮ್ಮೆ ಅತ್ತಿಬೆಲೆ ಕಡೆಯ ಲಾರಿಗಳ ನಡುವೆ ಸಿಕ್ಕಿಬಿದ್ದಿದ್ದವಳನ್ನು ಯಾರೋ ಕ್ಲೀನರ್ ಕೈ ಹಿಡಿದು ಕರೆತಂದ. ಅವಳ ಸೆರಗಿಗೆ ಲಾರಿಯ ಗ್ರೀಸು ಮೆತ್ತಿಕೊಂಡಿತ್ತು.  ಇನ್ನೊಂದು ಸಂಜೆ ಇವಳು ಉಳಿಯುವುದಿಲ್ಲ ಅನ್ನಿಸಿಬಿಟ್ಟಿತು.

ಹಳೆಯ ಟ್ರಂಕಿನ ತಳದಲ್ಲಿ ಆ ಬ್ಯಾಗು ಸಿಕ್ಕಿತು. ಬೂಷ್ಟು ಹಿಡಿದು, ಕಪ್ಪೆಲ್ಲ ಹೋಗಿ, ಹಿಡಿಕೆ ಕಿತ್ತು, ಬಾಯಿಯ ಕೊಂಡಿ ತುಕ್ಕಾಗಿತ್ತು. ಅಕ್ಕ ಗಡಿಗೆ ಹೂಡುವ ಕಾಲವಲ್ಲವೆಂದು ಹೊಸೂರಿನಲ್ಲಿ ಒಬ್ಬರ ಹತ್ತಿರ ಕಪ್ಪು ಪೇಂಟ್ ಹೊಡೆಸಿ ತಂದುಕೊಟ್ಟೆ. ಅಮ್ಮ ಮೂಸಿದಳು, ಎಸೆದಳು. "ಇದ್ಯಾರದೋ. ನನ್ದು ಹಿಂಗ್ ನಾರಲ್ಲ" ಎಂದು ಮತ್ತೆ ಬಾಗಿಲಿಗೆ ಓಡಿದಳು.

ಬ್ಯಾಗನ್ನು ಅಕ್ಕನ ಮುಂದೆ ಇಟ್ಟು ಅತ್ತುಬಿಟ್ಟೆ. ನಾನು ಸುಲಭಕ್ಕೆ ಅಳುವವಳಲ್ಲ. ಅಕ್ಕ ಪೇಂಟನ್ನು ಉಗುರಿನಿಂದ ಕೆರೆದು ನೋಡಿದಳು.

"ಒಳ್ಳೆ ತೊಗ್ಲು. ಯಾವ ಮುಂಡೇಗಂಡ ಬಳ್ದ ಇದನ್ನ? ಇದಕ್ಕೆ ಬೆಲ್ಲದ್ ಕಪ್ಪೇ ಆಗ್ಬೇಕು."

"ಸಂಕ್ರಾಂತಿ ತನಕ ಕಾಯೋಕಾಗಲ್ಲಕ್ಕ. ಗಡಿಗೆ ನಮ್ಮನೇಲೇ ಇಡಾನ."

"ನಿಮ್ಮವ್ವ ಕೈಗ್ ಸಿಕ್ಕಿದ್ದೆಲ್ಲ ಬಾಯಿಗ್ ಇಕ್ಕಂತಾಳೆ ಅಂತ ನೀನೇ ಹೇಳ್ದಲ್ಲ. ಕುಡುದ್ಬುಟ್ರೆ? ಸುಮ್ಕಿರು. ನಾನ್ ನೋಡ್ಕಂತೀನಿ."

ಅವಳು ಕಂಡುಕೊಂಡ ಉಪಾಯವೇ ಕೊನೆಗೆ ಮುಳುವಾಯಿತು. ಗಡಿಗೆಯನ್ನು ಶೆಡ್ಡಿನ ಹಿಂದಿನ ಗೊಬ್ಬರದ ತಿಪ್ಪೆಯಲ್ಲಿ ಹೂತಳು. ಸಗಣಿಯ ವಾಸನೆಯಲ್ಲಿ ಬೆಲ್ಲದ ವಾಸನೆ ಅಡಗುತ್ತದೆ, ತಿಪ್ಪೆಯ ಕಾವಿಗೆ ಬೇಗನೆ ಹುಳಿಯುತ್ತದೆ ಎಂಬುದು ಲೆಕ್ಕ. ಬೇಗ ಹುಳಿಯಿತು ನಿಜ. ಎಷ್ಟು ಬೇಗ ಎಂದರೆ ಒಳಗೇ ಉಕ್ಕಿ, ಬಾಯಿ ಕಟ್ಟಿದ ಬಟ್ಟೆ ದಾಟಿ, ತಿಪ್ಪೆಯೆಲ್ಲ ನೆನೆಯಿತು. ಬೆಲ್ಲದ ನೀರು ಕುಡಿದ ಗೊಬ್ಬರ ಗಾಳಿಗೆ ಏನು ಹೇಳುತ್ತಿತ್ತೋ, ಹತ್ತಿರದಲ್ಲೇ ಇದ್ದ ಅಕ್ಕನ ಮೂಗಿಗೆ ಅದು ತಿಳಿಯಲಿಲ್ಲ. ಮೈದುನ ಒಂದೆರಡು ಸಲ "ಏನತ್ಗೆ, ಹುಳಿ ನಾತ?" ಎಂದು ಕೇಳಿದನಂತೆ. "ನಿನ್ ಎಮ್ಮೆ ನಾತ ಕಣ್ಲಾ" ಅಂದಳಂತೆ.

ಬಣ್ಣ ಹಾಕುವ ಸಂಜೆ ಶಿಫ್ಟ್ ಮುಗಿಸಿಕೊಂಡು, ಅಮ್ಮನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ನಾನೂ ಹೋದೆ. ಇನ್ನೂ ಬೆಳಕಿತ್ತು. ಅಕ್ಕ ಪೇಂಟನ್ನೆಲ್ಲ ಕೆರೆದು ತೆಗೆದು, ಹಿಡಿಕೆ ಹೊಲಿದು, ಕೊಂಡಿಯ ತುಕ್ಕು ತಿಕ್ಕಿ, ಅಳಲೆಕಾಯಿಯ ಕಷಾಯ ಉಣಿಸಿ ಒಣಗಿಸಿ ಇಟ್ಟಿದ್ದಳು. ಗಡಿಗೆಯಿಂದ ಚೊಂಬಿಗೆ ತೋಡಿಕೊಂಡಿದ್ದ ಹುಳಿನೀರಿಗೆ ಬಟ್ಟೆ ಅದ್ದಿ ಒಂದು ಸಲ ಎಳೆದಳು. ಕಂದು ತೊಗಲು ನೀಲಿಗೆ ತಿರುಗಿ, ನೋಡನೋಡುತ್ತಲೇ ಕಪ್ಪಾಯಿತು. ಹೊಲಿಗೆಯ ಸಂದಿಗೆ ಬಟ್ಟೆ ಹೋಗುವುದಿಲ್ಲ, ಅಲ್ಲಿಗೆಲ್ಲ ಹೆಬ್ಬೆರಳು. ಅದನ್ನು ಅದ್ದಿ ಅದ್ದಿ ಒತ್ತುತ್ತಿದ್ದಳು. ಆಮೇಲೆ ಕೊಂಡಿ ಮುಚ್ಚಿದಳು. ಟಕ್.  ಸಣ್ಣವಳಿದ್ದಾಗ ಅಮ್ಮ ಹೊರಡುತ್ತಾಳೆಂದರೆ ಅದೇ ಸದ್ದು. ಅಕ್ಕ ಅರಿಶಿನದ ಕೊಂಬನ್ನು ಒಳಗೆ ಹಾಕಿ, ಬ್ಯಾಗನ್ನು ಶೆಡ್ಡಿನ ಕೊಕ್ಕೆಗೆ ನೇತುಹಾಕಿ, "ಒಂದ್ ಗಳ್ಗೆ ಆರ್ಲಿ, ಎತ್ಕಂಡ್ ಹೋಗುವಂತೆ" ಅಂದಳು.

ಅಷ್ಟರಲ್ಲಿ ಅವಳ ಫೋನು ಗುಯ್‌ಗುಟ್ಟಿತು. ಊರಿನ ವಾಟ್ಸಾಪ್ ಗ್ರೂಪಿಗೆ ಕಾಡು ಕಾಯುವವನ ದನಿ: ಒಂಟಿ ಸಲಗ ರಸ್ತೆ ದಾಟಿ ಈ ಕಡೆ ಬಂದಿದೆ, ಯಾರೂ ಹೊರಗಿರಬೇಡಿ. ಅದು ಮುಗಿಯುವ ಮುಂಚೆಯೇ ಮೈದುನ ತಾರಸಿಯಿಂದ ಕೂಗಿದ.

"ಅತ್ಗೇ! ಮ್ಯಾಕ್ ಬಾ! ಬ್ಯಾಗೂ ಬ್ಯಾಡ ಏನೂ ಬ್ಯಾಡ, ಓಡ್ಬಾ!"

ನಾನು ಓಡಿದೆ. ಬೆನ್ನ ಹಿಂದೆ ಅಕ್ಕನ ಹೆಜ್ಜೆ ಕೇಳಿದಂತಿತ್ತು. ಮೈದುನನ ಮನೆಯ ಮೆಟ್ಟಿಲು ಹತ್ತಿ, ಅವನ ಮತ್ತು ಅವನ ಹೆಂಡತಿಯ ಪಕ್ಕ ತಾರಸಿಯ ಗೋಡೆಗೆ ಒರಗಿ ಕುಕ್ಕರಿಸಿದೆ.  ಮುಳುಗುವ ಬೆಳಕಿನಲ್ಲಿ ಸಲಗ ಹೊಲದ ಬದುವಿನ ಮೇಲೆ ನಡೆದು ಬಂತು. ಕೊಯ್ದ ರಾಗಿಯ ಗುಡ್ಡೆ ಎದುರಿಗೇ ಇತ್ತು. ಅದಕ್ಕೆ ಸೊಂಡಿಲು ಕೂಡ ಚಾಚಲಿಲ್ಲ. ನೆಟ್ಟಗೆ ತಿಪ್ಪೆಗೆ ಹೋಯಿತು. ಗೊಬ್ಬರ ಬಗೆಯುವ ಸದ್ದು, ಗಡಿಗೆ ಒಡೆದ ಸದ್ದು, ಆಮೇಲೆ ಸೊರ ಸೊರ ಹೀರುವ ಸದ್ದು. ಮೈದುನ ನಿಧಾನವಾಗಿ ನನ್ನ ಕಡೆ ತಿರುಗಿದ. ಅವನಿಗೆ ಎಲ್ಲ ಅರ್ಥವಾಗಿತ್ತು.

"ಎಲ್ಲಿ ಅತ್ಗೆ?" ಅಂದ.

ತಾರಸಿಯ ಮೇಲೆ ಅಕ್ಕ ಇರಲಿಲ್ಲ. ನಾನು ಹತ್ತಿದ ಮೆಟ್ಟಿಲನ್ನು ಅವಳು ಹತ್ತಿಯೇ ಇರಲಿಲ್ಲ.  ಕೆಳಗೆ ಗಡಿಗೆ ಬರಿದಾಗಿ ಸಲಗ ತಲೆಯೆತ್ತಿತು. ಶೆಡ್ಡಿನೊಳಗೆ ಚೊಂಬಿನಲ್ಲಿ ಉಳಿದಿದ್ದ ನೀರಿನ ವಾಸನೆ ಹಿಡಿಯಿತೋ ಏನೋ, ಕಂಬಕ್ಕೆ ಹಣೆ ಕೊಟ್ಟು ಒಂದು ಸಲ ನೂಕಿತು. ತಗಡು, ತೊಲೆ, ಅರ್ಧ ಗೋಡೆ ಎಲ್ಲ ಒಟ್ಟಿಗೆ ಕುಸಿದವು. ಆ ಸದ್ದಿನೊಳಗೆ ಒಂದು ಹೆಣ್ಣುದನಿ ತೆಲುಗಿನಲ್ಲಿ "ಅಮ್ಮಾ, ಸಚ್ಚಿಪೋತಿನೇ", ಸತ್ತೆನಲ್ಲೇ, ಅಂದಿತು.

ಮೈದುನ ಹೆಂಡತಿ ಹಿಡಿದ ಕೈಯನ್ನು ಕೊಡವಿಕೊಂಡು ಕೆಳಗೆ ಹಾರಿದ. ಪಟಾಕಿಯ ಸರ ಹಚ್ಚಿ ಎಸೆದ, ತಗಡು ಬಡಿದ, "ಓಗಪ್ಪಾ ನನ್ ಸಾಮಿ, ಓಗು" ಎಂದು ಅಳುತ್ತಲೇ ಕೂಗಿದ. ಸಲಗ ಅವನನ್ನು ನೋಡುತ್ತಾ ನಿಂತಿತು. ಎಷ್ಟು ಹೊತ್ತು ನಿಂತಿತೋ ನನಗೆ ಗೊತ್ತಿಲ್ಲ, ಆ ಹೊತ್ತು ನನ್ನೊಳಗೆ ಇನ್ನೂ ಮುಗಿದಿಲ್ಲ. ಕಡೆಗೆ ತಿರುಗಿ ಪಕ್ಕದ ಹೊಲದವರ ರಾಗಿ ಗುಡ್ಡೆಗಳನ್ನು ತುಳಿದುಕೊಂಡು ಕಾಡಿನ ಕಡೆ ಹೋಯಿತು.

ತೊಲೆ ಎತ್ತಿದಾಗ ಅಕ್ಕನ ಬಲಗಾಲು ತಿರುಚಿಕೊಂಡು ಬಿದ್ದಿತ್ತು. ಬ್ಯಾಗನ್ನು ಸೆರಗಿನೊಳಗೆ ಎದೆಗವಚಿಕೊಂಡಿದ್ದಳು.

"ನೋಡಮ್ಮಿ, ಗೀರಿಲ್ಲ ತಾನೇ? ಹಸೀ ಬಣ್ಣ" ಅಂದಳು.

"ಒಂದು ಹಳೇ ಬ್ಯಾಗಿಗ್ ಜೀವ ಕೊಡ್ತಿದ್ಯಲ್ಲಾ ಅತ್ಗೆ!" ಎಂದು ಮೈದುನ ಹಣೆ ಚಚ್ಚಿಕೊಂಡ.

ಹೊಸೂರಿನ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು. ಮೈದುನ ಅವಳ ಸೀರೆಗಳನ್ನೂ ಸೂಜಿ ದಾರದ ಡಬ್ಬಿಯನ್ನೂ ಗಂಟು ಕಟ್ಟಿ ತಂದು ಮಂಚದ ಕೆಳಗಿಟ್ಟು, ತಲೆ ತಗ್ಗಿಸಿ ನಿಂತ. ನಾಲ್ಕು ಮನೆಯವರ ರಾಗಿ ಹೋಗಿತ್ತು. ತೊಗಲಿನ ಮೇಲೆ ಮೊದಲೇ ಇದ್ದ ಸಿಟ್ಟಿಗೆ ಈಗ ಕಾರಣ ಸಿಕ್ಕಿತ್ತು. "ಊರಾಗ್ ಬ್ಯಾಡ ಅತ್ಗೆ. ನನ್ ಕೈಲಿ ತಡ್ಯಾಕಾಗ್ತಿಲ್ಲ" ಅಂದ.  ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಅವಳನ್ನು ನಮ್ಮ ಮನೆಗೆ ಕರೆತಂದೆ. ಕೇಳಲಿಲ್ಲ, ಕರೆತಂದೆ.

ಅದೇ ಸಂಜೆ ಅಮ್ಮ ಎದ್ದು ನಿಂತಳು. "ನನ್ ಬ್ಯಾಗೆಲ್ಲಿ?"

ಕೊಟ್ಟೆ. ಬಣ್ಣ ಪೂರ್ತಿ ಆರುವ ತನಕ ಅಕ್ಕ ಅದನ್ನು ಆಸ್ಪತ್ರೆಯ ಮಂಚದಲ್ಲೇ ಇಟ್ಟುಕೊಂಡಿದ್ದಳು. ಅಮ್ಮ ಮೂಸಿದಳು. ಹೆಬ್ಬೆರಳಿನಿಂದ ಕೊಂಡಿ ಎತ್ತಿದಳು, ಮುಚ್ಚಿದಳು. ಟಕ್. ಮತ್ತೊಮ್ಮೆ ತೆರೆದಳು, ಮತ್ತೊಮ್ಮೆ ಮುಚ್ಚಿದಳು. "ಎಲ್ಲಿ ಮಡಗಿದ್ರಿ ಇಷ್ಟ್ ದಿನ?" ಎಂದು ಬೈದು, ಹೆಗಲಿಗೆ ಹಾಕಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತಳು. ನಾನು ದೇವರೇ ಅಂದುಕೊಂಡೆ. ಕೂತಳು, ಕಾದಳು, ಗಾಡಿ ಬರಲಿಲ್ಲ. ಹೆದ್ದಾರಿಯಲ್ಲಿ ಒಂದು ಲಾರಿ ಹಾರ್ನ್ ಹೊಡೆಯಿತು. ಅಮ್ಮ ಎದ್ದೇಬಿಟ್ಟಳು.

"ಗಾಡಿ ಬರಲ್ಲ. ನಡ್ಕಂಡೇ ಹೋಗ್ತೀನಿ. ಅಲ್ಲಿ ಕೇಸು..."

ಅಯ್ಯೋ, ಇದಕ್ಕಾಗಿಯೇ ಇಷ್ಟೆಲ್ಲ ಆಯಿತೇ ಎಂದುಕೊಳ್ಳುತ್ತಾ ಅವಳ ಸೆರಗು ಹಿಡಿಯಲು ಹೋದೆ. ಅಷ್ಟರಲ್ಲಿ ಒಳಗಿನ ಮಂಚದಿಂದ ಬೀದಿಗೆಲ್ಲ ಕೇಳುವಂಥ ಕೂಗು ಬಂತು.

"ಅಯ್ಯಯ್ಯೋ ನರ್ಸಮ್ಮಾ! ಎಲ್ಲೋಗ್ತೀಯ ನನ್ ಬುಟ್ಟು? ಕೇಸು ಇಲ್ಲೈತೆ! ಕಾಲು ಸಿಡೀತದೆ, ಬಾ ತಾಯೀ!"

ಅಮ್ಮ ನಿಂತಳು. ತಿರುಗಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಒಳಗೆ ಹೋದಳು. "ಹೆದರ್ಕಾಬ್ಯಾಡಮ್ಮ, ನಾನ್ ಬಂದಿದೀನಿ" ಎಂದು ಬ್ಯಾಗು ತೆರೆದು, ಅರಿಶಿನದ ಕೊಂಬನ್ನು ಥರ್ಮಾಮೀಟರಿನ ಹಾಗೆ ಕೊಡವಿ ಅಕ್ಕನ ಕಂಕುಳಲ್ಲಿಟ್ಟಳು. ಅಕ್ಕ ಮುಲುಗುತ್ತಲೇ ನನಗೆ ಕಣ್ಣು ಹೊಡೆದಳು. ಅವಳ ಸುಳ್ಳು ಕೆಲಸಕ್ಕೆ ಬಂದಿತ್ತು.

ಆಮೇಲೆ ಅಮ್ಮ ಹೆದ್ದಾರಿಗೆ ಹೋಗಲಿಲ್ಲ. ದಿನಾ ಸಂಜೆ ಬ್ಯಾಗು ಹಿಡಿದು ಮಂಚದ ಹತ್ತಿರ ಹಾಜರು. ಅಕ್ಕ ಕಾಲು ವಾಸಿಯಾಗಿ ಕೋಲು ಹಿಡಿದು ಓಡಾಡುವಂತಾದ ಮೇಲೂ ಸಂಜೆಯಾದರೆ ಮಲಗಿ ಮುಲುಗುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಹಗಲು ತಾರಸಿಯ ಬೀಗ ಹಾಕಿದ ಕೋಣೆಯಲ್ಲಿ ಸಣ್ಣ ಗಡಿಗೆ ಹೂಡಿ, ವರಾಂಡದಲ್ಲಿ ಕೂತು ಬ್ಯಾಗು ಹೊಲಿಯುತ್ತಿದ್ದಳು, ನನಗೂ ಹೊಲಿಸುತ್ತಿದ್ದಳು. ನಾನು ಕೊಂಕು ತೆಗೆದರೆ "ನಿನ್ ಫ್ಯಾಕ್ಟ್ರಿ ಬುದ್ಧಿ ಗೇಟ್‌ತಾವ ಬುಟ್ ಬಾ" ಅನ್ನುತ್ತಿದ್ದಳು. ಅಮ್ಮನಿಗೆ ಅವಳ ಮೇಲೆ ಒಂದೇ ದೂರು. "ಏನಮ್ಮ, ಉಗುರೆಲ್ಲ ಇಷ್ಟ್ ಕೊಳೆ! ನಂಜಾಗಲ್ವಾ?" ಎಂದು ದಿನವೂ ಮಗ್ಗು, ಸೋಪು ತಂದು ಆ ಹೆಬ್ಬೆರಳನ್ನು ತಿಕ್ಕುತ್ತಿದ್ದಳು. ಮದುವೆ ಮನೆಯವರಿಗೆಲ್ಲ ಬೆರಳು ಚೀಪಿ ತೋರಿಸಿದ್ದ ಅಕ್ಕ ಅಮ್ಮನ ಮುಂದೆ ಕೈ ಚಾಚಿಕೊಂಡು ಸುಮ್ಮನೆ ಕೂರುತ್ತಿದ್ದಳು. ಕಪ್ಪು ಹೋಗುತ್ತಿರಲಿಲ್ಲ. ನಾಳೆ ಮತ್ತೆ ತಿಕ್ಕುವುದು.

ಮತ್ತೊಂದು ರಾಗಿ ಕೊಯ್ಲಿನ ಚಳಿಗೆ ಅಕ್ಕನಿಗೆ ಎದೆ ಕಟ್ಟಿತು. ಆಸ್ಪತ್ರೆಗೆ ಹೋಗಿ ಬಂದಳು, ಸುಧಾರಿಸಿದಳು ಅಂದುಕೊಂಡೆವು. ಒಂದು ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದರೆ ಏಳಲಿಲ್ಲ. ಅಮ್ಮ ಅದಾಗಲೇ ಪಕ್ಕದಲ್ಲಿ ಕೂತು ಅವಳ ಮಣಿಕಟ್ಟು ಹಿಡಿದುಕೊಂಡಿದ್ದಳು. ನಾಡಿ ಸಿಗದೆ ಬೆರಳನ್ನು ಆಚೆ ಈಚೆ ಸರಿಸುತ್ತಿದ್ದಳು. ನನ್ನನ್ನು ನೋಡಿ ಆ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು ಬ್ಯಾಗು ಮುಚ್ಚಿದಳು. ಟಕ್.

ಮೈದುನ ಹೆಂಡತಿಯೊಂದಿಗೆ ಬಂದ. "ಊರಿಗೇ ಎತ್ಕಂಡ್ ಹೋಗ್ತೀವಿ. ಯಾರೇನಂತಾರೋ ನೋಡ್ತೀನಿ" ಎಂದು ಬ್ಯಾಗುಗಳ ರಾಶಿಯ ಪಕ್ಕ ಕೂತು ಗೋಳೋ ಎಂದು ಅತ್ತ. ಹಿತ್ತಲಲ್ಲಿ ಹೆಂಗಸರು ಸೇರಿ ಸ್ನಾನ ಮಾಡಿಸಿದೆವು. ಅಮ್ಮ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಅವಳಿಗೆ ಏನು ತಿಳಿಯುತ್ತಿತ್ತೋ, ಏನಿಲ್ಲವೋ. ಮೈಗೆ ನೀರು ಹಾಕಿ ಮುಗಿದಾಗ ಮೈದುನನ ಹೆಂಡತಿ ಅಕ್ಕನ ಬಲಗೈ ಎತ್ತಿಕೊಂಡು, "ಹೋಗೋವಾಗ್ಲಾದ್ರೂ ಚೊಕ್ಕಟವಾಗ್ ಹೋಗ್ಲಿ ನಮ್ಮಕ್ಕ" ಎಂದು ತೆಂಗಿನ ನಾರಿಗೆ ಸೋಪು ಹಚ್ಚಿ ಹೆಬ್ಬೆರಳನ್ನು ತಿಕ್ಕತೊಡಗಿದಳು.

ಅಮ್ಮ ಎದ್ದು ಬಂದು ಅವಳ ಕೈ ಹಿಡಿದಳು.

"ಉಜ್ಜಬ್ಯಾಡಮ್ಮ," ಅಂದಳು. "ಅದು ಕೊಳೆ ಅಲ್ಲ. ನನ್ ಬ್ಯಾಗಿನ್ ಬಣ್ಣ."